ಊರಿನ ಮಾತು ಊರು ದಾಟುವ ಬಗೆ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಯಿಂದ 1980ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಮೇಲೆ ಡಿಪ್ಲೊಮಾ ಮಾಡಿ ದೂರಸಂಪರ್ಕ ಇಲಾಖೆಯ ಕೆಲಸಕ್ಕೆ ಸೇರಿದೆ. ಮೂವತ್ತೈದು ವರ್ಷ ಟೆಲಿಫೋನ್ ಎಕ್ಸ್‌ಚೇಂಜುಗಳ ನಡುವೆಯೇ ಕಳೆದೆ. ಮುಖ್ಯ ಗುರುಗಳು ಫೋನ್ ಮಾಡಿ, "ಇಂಟರ್ನೆಟ್ ಹ್ಯಾಂಗ ಕೆಲಸ ಮಾಡತೈತಿ ಅಂತ ಹುಡುಗರಿಗೆ ತಿಳಿಯೋ ಹಂಗ ಹೇಳ್ರಿ" ಎಂದರು. ಇಂಟರ್ನೆಟ್ಟಿನ ಎಲ್ಲ ವಿಷಯ ನನಗೆ ತಿಳಿಯದು. ನನಗೆ ತಿಳಿದಿರುವುದು ಅದರೊಳಗಿನ ಒಂದು ಸಂಗತಿ, ಅದಕ್ಕೆ ಸ್ವಿಚಿಂಗ್ ಎನ್ನುತ್ತಾರೆ. ಒಂದು ಕಡೆಯಿಂದ ಹೊರಟ ಮಾತು, ಚಿತ್ರ, ಕಾಗದ ಇನ್ನೊಂದು ಕಡೆಗೆ ಯಾವ ದಾರಿಯಲ್ಲಿ ಹೋಗಬೇಕು, ಆ ದಾರಿಯನ್ನು ಯಾರು ಯಾರು ಹಂಚಿಕೊಳ್ಳಬೇಕು, ಯಾರು ಕಾಯಬೇಕು ಎಂದು ತೀರ್ಮಾನಿಸುವ ಕೆಲಸ ಅದು. ಹೋದ ಮಳೆಗಾಲದಲ್ಲಿ ನಮ್ಮೂರಿಗೆ ಮೂರು ದಿನ ನೆಟ್‌ವರ್ಕ್ ಇಲ್ಲದೆ ಆದ ಪಾಡು ತಮಗೆಲ್ಲ ಗೊತ್ತು. ಅದಕ್ಕೂ ಈ ವಿಷಯಕ್ಕೂ ಸಂಬಂಧ ಇದೆ. ಅಲ್ಲಿಗೆ ಬರುತ್ತೇನೆ, ಮೊದಲು ಬುಡದಿಂದ ಹೇಳುತ್ತೇನೆ.

ಮಕ್ಕಳೇ, ನಮ್ಮೂರಲ್ಲಿ 300 ಮನೆ ಎಂದು ಇಟ್ಟುಕೊಳ್ಳಿ. ಪ್ರತಿ ಮನೆಗೂ ಉಳಿದ ಪ್ರತಿ ಮನೆಯ ಜೊತೆ ಮಾತಾಡಲು ಬೇರೆ ಬೇರೆ ತಂತಿ ಎಳೆದರೆ ಎಷ್ಟು ತಂತಿ ಬೇಕು? ಗಣಿತದ ಸರ್ ಇಲ್ಲೇ ಇದ್ದಾರೆ, ಲೆಕ್ಕ ಸರಿ ಇದೆಯೋ ನೋಡಲಿ. 300ನ್ನು 299ರಿಂದ ಗುಣಿಸಿ ಅರ್ಧ ಮಾಡಿದರೆ 44,850 ತಂತಿ. ಊರ ಮೇಲೆ ಆಕಾಶವೇ ಕಾಣದು. ಅದೇ ಎಲ್ಲ ಮನೆಯ ತಂತಿಯನ್ನು ಊರ ನಡುವಿನ ಒಂದು ಕೋಣೆಗೆ ತಂದರೆ 300 ತಂತಿ ಸಾಕು. ಆ ಕೋಣೆಯಲ್ಲಿ ಯಾರಾದರೂ ಕೂತು, ಯಾರಿಗೆ ಯಾರು ಬೇಕೋ ಅವರಿಬ್ಬರ ತಂತಿಯನ್ನಷ್ಟೇ ಜೋಡಿಸಬೇಕು. ಆ ಕೋಣೆಯೇ ಎಕ್ಸ್‌ಚೇಂಜು, ಆ ಜೋಡಣೆಯೇ ಸ್ವಿಚಿಂಗು.

ನಮ್ಮ ವಯಸ್ಸಿನವರಿಗೆ ಟ್ರಂಕ್ ಕಾಲ್ ನೆನಪಿರಬೇಕು. ಊರಿನಲ್ಲಿ ಇದ್ದದ್ದು ಟಪಾಲು ಆಫೀಸಿನ ಒಂದೇ ಫೋನು. ಮುಂಬಯಿ ಗಿರಣಿಯಲ್ಲಿ ಕೆಲಸಕ್ಕಿದ್ದ ಮಗನೊಂದಿಗೆ ಮಾತಾಡಬೇಕೆಂದರೆ ಮುಂಜಾನೆ ನಂಬರ್ ಬರೆಸಿ, ಕಟ್ಟೆಯ ಮೇಲೆ ಸಂಜೆಯವರೆಗೆ ಕೂರಬೇಕಿತ್ತು. ನಮ್ಮ ತಾಲೂಕಿನ ಆಪರೇಟರು ಬೆಳಗಾವಿಯವರನ್ನು ಕೇಳುವುದು, ಅವರು ಮುಂಬಯಿಯವರನ್ನು ಕೇಳುವುದು, ಪ್ರತಿಯೊಬ್ಬರೂ ತಮ್ಮ ಬೋರ್ಡಿನ ತೂತಿಗೆ ಒಂದೊಂದು ಹಗ್ಗದಂಥ ತಂತಿ ಚುಚ್ಚುವುದು. ಕೊನೆಯ ತಂತಿ ಚುಚ್ಚಿದ ಮೇಲೆ ಇಲ್ಲಿಂದ ಮುಂಬಯಿಯವರೆಗೆ ಒಂದೇ ಅಖಂಡ ದಾರಿ. ಮೂರು ನಿಮಿಷ ಅದು ನಿಮ್ಮದೇ. ನೀವು ಮಾತಾಡಿದರೂ ನಿಮ್ಮದು, ಅಳುತ್ತ ಸುಮ್ಮನೆ ನಿಂತರೂ ನಿಮ್ಮದು. ಬೇರೆಯವರು ಆ ತಂತಿಯನ್ನು ಮುಟ್ಟುವಂತಿಲ್ಲ. ಇದಕ್ಕೆ ಸರ್ಕ್ಯೂಟ್ ಸ್ವಿಚಿಂಗ್ ಎಂದು ಹೆಸರು.

ರೈತರಿಗೆ ಇದು ಬೇಗ ತಿಳಿಯುತ್ತದೆ. ಕಾಲುವೆಯ ನೀರಿನ ಪಾಳಿ ಇದ್ದ ಹಾಗೆ. ನಿಮ್ಮ ಪಾಳಿಯ ಹೊತ್ತಿನಲ್ಲಿ ಕಾಲುವೆ ಪೂರ್ತಿ ನಿಮ್ಮದು. ಹೊಲ ತುಂಬಿ ನೀರು ಹಳ್ಳಕ್ಕೆ ಹರಿದರೂ ಪಕ್ಕದವನು ತನ್ನ ಮಡಿ ತೆರೆಯುವ ಹಾಗಿಲ್ಲ.

ಆಪರೇಟರ್ ಇಲ್ಲದೆ ಯಂತ್ರವೇ ಜೋಡಿಸುವಂತೆ ಮಾಡಿದವನ ಕಥೆ ಸ್ವಾರಸ್ಯವಾಗಿದೆ. ಅವನ ಹೆಸರು ಆಲ್ಮನ್ ಸ್ಟ್ರೌಜರ್. ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವ ವ್ಯಾಪಾರ ಅವನದು. ತನಗೆ ಬರಬೇಕಾದ ಕರೆಗಳನ್ನು ಆಪರೇಟರು ತನ್ನ ಎದುರಾಳಿ ವ್ಯಾಪಾರಿಗೆ ಜೋಡಿಸುತ್ತಿದ್ದಾರೆ ಎಂದು ಅವನಿಗೆ ಸಂಶಯ. ಆ ಎದುರಾಳಿಯ ಹೆಂಡತಿಯೇ ಆಪರೇಟರ್ ಆಗಿದ್ದಳು ಎಂದೂ ಕಥೆ ಹೇಳುವವರಿದ್ದಾರೆ, ಕಥೆ ಚೆನ್ನಾಗಿರಲಿ ಎಂದು ಸೇರಿಸಿದ್ದೂ ಇರಬಹುದು. ಸಿಟ್ಟಿಗೆದ್ದವನು ಆಪರೇಟರೇ ಬೇಡ ಎಂದು ಯಂತ್ರ ಕಟ್ಟಿ 1891ರಲ್ಲಿ ಪೇಟೆಂಟ್ ಪಡೆದ. ಮರುವರ್ಷವೇ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಊರಿನಲ್ಲಿ ಅವನ ಎಕ್ಸ್‌ಚೇಂಜು ಶುರುವಾಯಿತು. ಮುಂದೆ ಫೋನಿಗೆ ಡಯಲ್ ಬಂತು. ಡಯಲ್ ತಿರುಗಿಸಿದರೆ ಅಲ್ಲಿ ಒಂದು ಕೈ ಅಂಕಿಗೆ ತಕ್ಕಂತೆ ಟಕ್ ಟಕ್ ಎಂದು ಮೇಲೇರಿ, ಆಮೇಲೆ ಪಕ್ಕಕ್ಕೆ ಸರಿದು, ಹತ್ತು ಸಾಲು ಹತ್ತು ಮನೆಯ ನೂರು ತುದಿಗಳಲ್ಲಿ ಒಂದಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಬೆಂಗಳೂರಿನಲ್ಲಿ 1948ರಲ್ಲಿ ಆರಂಭವಾದ ಐಟಿಐ ಕಾರ್ಖಾನೆಯಲ್ಲಿ ಈ ಸ್ಟ್ರೌಜರ್ ಯಂತ್ರಗಳು ತಯಾರಾಗುತ್ತಿದ್ದವು. ನಾನು ಕೆಲಸಕ್ಕೆ ಸೇರಿದಾಗ ಮೊದಲು ಎಣ್ಣೆ ಹಾಕಿದ್ದು, ಒರೆಸಿದ್ದು ಇಂಥವಕ್ಕೇ. ಹಬ್ಬದ ದಿನ ಆ ಕೋಣೆಯಲ್ಲಿ ನಿಂತರೆ ಸೋನೆಮಳೆ ತಗಡಿನ ಮೇಲೆ ಬಿದ್ದಂತೆ ಸದ್ದು. ಊರೆಲ್ಲ ಮಾತಾಡುತ್ತಿದೆ ಎಂದು ಕಿವಿಗೇ ಗೊತ್ತಾಗುತ್ತಿತ್ತು.

ಈಗ ನಮ್ಮ ಭಾಗದವರು ಹೆಮ್ಮೆ ಪಡಬೇಕಾದ ಒಂದು ಮಾತು. 1984ರಲ್ಲಿ ಸಿ-ಡಾಟ್ ಎಂಬ ಸಂಸ್ಥೆಯನ್ನು ಭಾರತ ಸರ್ಕಾರ ಸ್ಥಾಪಿಸಿತು. ನಮ್ಮ ಹಳ್ಳಿಗಳಿಗೆ ಹೊಂದುವ ಎಕ್ಸ್‌ಚೇಂಜನ್ನು ನಾವೇ ಕಟ್ಟಬೇಕು ಎನ್ನುವುದು ಅದರ ಉದ್ದೇಶ. ಹೊರದೇಶದ ಯಂತ್ರಗಳಿಗೆ ಹವಾನಿಯಂತ್ರಿತ ಕೋಣೆ ಬೇಕು, ನಮ್ಮ ಹಳ್ಳಿಯಲ್ಲಿ ಫ್ಯಾನಿಗೇ ಕರೆಂಟ್ ಇಲ್ಲ. ಧೂಳು, ಬಿಸಿಲು ತಡೆದುಕೊಂಡು ನಿಲ್ಲುವ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜನ್ನು ಅವರು ರೂಪಿಸಿದರು. ನಾವು ಅದನ್ನು ರ‍್ಯಾಕ್ಸ್ ಎನ್ನುತ್ತಿದ್ದೆವು. ಅದರಲ್ಲಿ ಮೊಟ್ಟಮೊದಲನೆಯದು 1986ರಲ್ಲಿ ನಿಂತದ್ದು ದಿಲ್ಲಿಯಲ್ಲಲ್ಲ, ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಕಿತ್ತೂರು ಎಂದರೆ ಎಲ್ಲರಿಗೂ ಗೊತ್ತು, ರ‍್ಯಾಕ್ಸಿನ ಕಿತ್ತೂರು ಎಂದು ಯಾವ ಪಾಠದಲ್ಲೂ ಇಲ್ಲ. ನಮ್ಮೂರಿಗೆ ಅಂಥದ್ದು ಬಂದದ್ದು 1991ರಲ್ಲಿ, ಪಂಚಾಯತಿ ಪಕ್ಕದ ಕೋಣೆಗೆ. ಕಪಾಟಿನಷ್ಟು ದೊಡ್ಡ ಪೆಟ್ಟಿಗೆ, ಸದ್ದೇ ಇಲ್ಲ. ನಮ್ಮ ಹಳೆಯ ಲೈನ್‌ಮನ್ನು ಅದರ ಮುಂದೆ ನಿಂತು, "ಇದು ಜೀವಂತ ಐತೋ ಇಲ್ಲೋ?" ಎಂದು ಕೇಳಿದ್ದ.

ಅದರೊಳಗೆ ಮಾತು ಅಂಕಿಯಾಗಿ ಓಡುತ್ತದೆ. ನಿಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ. ಒಂದೊಂದು ಅಳತೆಯೂ ಎಂಟು ಬಿಟ್. ಒಟ್ಟು ಸೆಕೆಂಡಿಗೆ 64,000 ಬಿಟ್, ಇದು ಒಬ್ಬರ ಮಾತಿನ ತೂಕ. ಮುಂದೆ ಎಕ್ಸ್‌ಚೇಂಜುಗಳ ನಡುವೆ, ಹೋಗಲು ಒಂದು ಜೋಡಿ, ಬರಲು ಒಂದು ಜೋಡಿ ತಂತಿಯಲ್ಲಿ ಮೂವತ್ತು ಜನರ ಮಾತು ಏಕಕಾಲಕ್ಕೆ ಕಳಿಸುವ ವ್ಯವಸ್ಥೆ ಬಂತು. ಅದನ್ನು 32 ಸೀಟಿನ ಬಸ್ಸು ಎಂದು ತಿಳಿಯಿರಿ. ಎರಡು ಸೀಟು ಡ್ರೈವರ್, ಕಂಡಕ್ಟರಿಗೆ. ಒಂದು ಹೊಂದಾಣಿಕೆಗೆ, ಒಂದು ಕರೆಯ ಸೂಚನೆಗಳಿಗೆ. ಉಳಿದ ಮೂವತ್ತು ಪ್ರಯಾಣಿಕರಿಗೆ. ಈ ಬಸ್ಸು ಸೆಕೆಂಡಿಗೆ 8,000 ಸಲ ಬಿಡುತ್ತದೆ. ನಿಮಗೆ ಹದಿನೇಳನೆಯ ಸೀಟು ಎಂದರೆ ಕರೆ ಮುಗಿಯುವವರೆಗೆ ಪ್ರತಿ ಬಸ್ಸಿನಲ್ಲೂ ಹದಿನೇಳನೆಯದೇ. ನೀವು ಉಸಿರು ತೆಗೆದುಕೊಳ್ಳುವಾಗಲೂ, ಎದುರಿನವರ ಮಾತು ಕೇಳುವಾಗಲೂ ಆ ಸೀಟು ಖಾಲಿ ಓಡುತ್ತದೆ. ಇಬ್ಬರ ಮಾತುಕತೆಯಲ್ಲಿ ಒಬ್ಬರು ಮಾತಾಡಿದರೆ ಇನ್ನೊಬ್ಬರು ಕೇಳಬೇಕಲ್ಲ! ಹೀಗಾಗಿ ಅರ್ಧಕ್ಕಿಂತ ಹೆಚ್ಚು ಸೀಟು ಯಾವಾಗಲೂ ಖಾಲಿಯೇ. ತಂತಿ ಹೋಯಿತು, ಅಂಕಿ ಬಂತು, ಆದರೆ ಪಾಳಿಯ ಪದ್ಧತಿ ಬದಲಾಗಲಿಲ್ಲ.

ನಮ್ಮೂರ ಎಕ್ಸ್‌ಚೇಂಜಿನಿಂದ ಹೊರಗೆ ಮೊದಲು ಎಂಟೇ ಲೈನು ಇದ್ದವು. ಒಂಬತ್ತನೆಯವರು ಫೋನ್ ಎತ್ತಿದರೆ, ಈ ಮಾರ್ಗದ ಎಲ್ಲ ಲೈನುಗಳೂ ಬ್ಯುಸಿ ಇವೆ ಎಂದು ಹೆಣ್ಣುದನಿ ಹೇಳುತ್ತಿತ್ತು. ದೀಪಾವಳಿ ಸಂಜೆ ಆ ಹೆಣ್ಣುಮಗಳಿಗೆ ಊರೆಲ್ಲ ಬೈದಿದ್ದೇ ಬೈದದ್ದು. ಎಷ್ಟು ಮನೆಗೆ ಎಷ್ಟು ಲೈನು ಇದ್ದರೆ ಎಷ್ಟು ಜನ ಹೀಗೆ ವಾಪಸು ಹೋಗುತ್ತಾರೆ ಎಂಬ ಲೆಕ್ಕಕ್ಕೆ ಸೂತ್ರ ಇದೆ. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞ 1917ರಲ್ಲಿ ಅದನ್ನು ಪ್ರಕಟಿಸಿದ. ಇವತ್ತಿಗೂ ಕರೆಗಳ ದಟ್ಟಣೆಯನ್ನು ಅಳೆಯುವ ಮಾನಕ್ಕೆ ಅವನದೇ ಹೆಸರು. ಸರ್ಕ್ಯೂಟ್ ಪದ್ಧತಿಯ ಗುಣವನ್ನು ನಾನು ಹೀಗೆ ಹೇಳುತ್ತೇನೆ. ಅದು ಬಾಗಿಲಲ್ಲೇ ಇಲ್ಲ ಎನ್ನುತ್ತದೆ, ಆದರೆ ಒಳಗೆ ಕರೆದ ಮೇಲೆ ಕೊಟ್ಟ ಮಾತು ತಪ್ಪುವುದಿಲ್ಲ.

ಇನ್ನೊಂದು ಪದ್ಧತಿಯೂ ಅದರ ಜೊತೆಜೊತೆಗೇ ಇತ್ತು. ತಾರು. ತಾರು ಬಂತು ಎಂದರೆ ಓದುವ ಮೊದಲೇ ಅಳುವ ಕಾಲ ಅದು. ತಾರಿಗೆ ಇಲ್ಲಿಂದ ಅಲ್ಲಿಯವರೆಗೆ ಅಖಂಡ ದಾರಿ ಬೇಕಿರಲಿಲ್ಲ. ಇಲ್ಲಿಯ ಕಚೇರಿ ಪೂರ್ತಿ ಸಂದೇಶವನ್ನು ಮುಂದಿನ ಕಚೇರಿಗೆ ಕಳಿಸುತ್ತಿತ್ತು. ಅವರು ಬರೆದಿಟ್ಟುಕೊಂಡು, ಮುಂದಿನ ತಂತಿ ಬಿಡುವಾದಾಗ ಮುಂದಕ್ಕೆ ಕಳಿಸುತ್ತಿದ್ದರು. ಇದು ಮೆಸೇಜ್ ಸ್ವಿಚಿಂಗ್, ಇಟ್ಟುಕೊಂಡು ಮುಂದೆ ಸಾಗಿಸುವ ಪದ್ಧತಿ. ತಂತಿ ಖಾಲಿ ಬೀಳುವುದಿಲ್ಲ, ಯಾರನ್ನೂ ಬಾಗಿಲಲ್ಲಿ ತಿರುಗಿಸಿ ಕಳಿಸುವುದಿಲ್ಲ. ಆದರೆ ಉದ್ದದ ಸಂದೇಶ ಒಂದು ಮುಂದೆ ನಿಂತರೆ ಹಿಂದಿನ ಎರಡು ಪದದ ತಾರೂ ಕಾಯಬೇಕು. 2013ರ ಜುಲೈಯಲ್ಲಿ ನಮ್ಮ ದೇಶದಲ್ಲಿ ತಾರು ನಿಂತಿತು. ಪದ್ಧತಿ ಮಾತ್ರ ಸಾಯಲಿಲ್ಲ. ಅದನ್ನೇ ತುಂಡು ಮಾಡಿದರು, ಈಗಿನ ಇಂಟರ್ನೆಟ್ ಆಯಿತು.

ತುಂಡು ಮಾಡುವುದರಲ್ಲಿ ಏನು ಲಾಭ? ಇದೊಂದು ತಿಳಿದರೆ ಉಳಿದದ್ದೆಲ್ಲ ತಿಳಿದ ಹಾಗೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ ಹಿಂದಿನ ಆ ಎರಡು ಕೋಣೆ ಕಟ್ಟಿದರು. ಶ್ರಮದಾನ. ರಸ್ತೆಯ ಮೇಲೆ ಇಳಿಸಿದ ಇಟ್ಟಿಗೆಯನ್ನು ಇಲ್ಲಿಯವರೆಗೆ ತರಬೇಕು. ಊರವರು, ನಾವು ಹುಡುಗರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದೆವು. ಮೊದಲನೆಯವನು ಎರಡನೆಯ ಇಟ್ಟಿಗೆ ಎತ್ತುವಾಗ ಮೊದಲ ಇಟ್ಟಿಗೆ ಆಗಲೇ ಮೂರನೆಯವನ ಕೈಯಲ್ಲಿ. ಎಲ್ಲರ ಕೈಯೂ ಕೆಲಸದಲ್ಲಿ. ಇದರ ಬದಲು ಮೊದಲನೆಯವನು ಎಲ್ಲ ಇಟ್ಟಿಗೆಯನ್ನೂ ಎರಡನೆಯವನ ಕಾಲ ಬಳಿ ಒಟ್ಟಿ, ಒಟ್ಟಿದ್ದು ಪೂರ್ತಿ ಆದ ಮೇಲೆ ಅವನು ಮೂರನೆಯವನ ಬಳಿ ಒಟ್ಟಲು ಶುರು ಮಾಡಿದ್ದರೆ? ಒಬ್ಬ ದುಡಿಯುವಾಗ ಉಳಿದವರೆಲ್ಲ ಬೀಡಿ ಸೇದುತ್ತ ಕೂರಬೇಕಾಗುತ್ತಿತ್ತು.

ಲೆಕ್ಕ ಮಾಡಿ ನೋಡಿ. ಒಂದು ಫೋಟೊ ಒಂದು ತಂತಿಯನ್ನು ದಾಟಲು ಹತ್ತು ಸೆಕೆಂಡ್ ಬೇಕು, ದಾರಿಯಲ್ಲಿ ನಾಲ್ಕು ತಂತಿ ಇವೆ ಎನ್ನೋಣ. ತಾರಿನ ಹಾಗೆ ಇಡಿಯಾಗಿ ಕಳಿಸಿದರೆ ನಾಲ್ಕು ಹತ್ತಲೆ ನಲವತ್ತು ಸೆಕೆಂಡ್. ಸಾವಿರ ತುಂಡು ಮಾಡಿದರೆ ಒಂದೊಂದು ತುಂಡು ಒಂದು ತಂತಿ ದಾಟಲು ಸೆಕೆಂಡಿನ ನೂರನೆಯ ಒಂದು ಭಾಗ. ಕೊನೆಯ ತುಂಡು ಇಲ್ಲಿಂದ ಹೊರಡುವ ಹೊತ್ತಿಗೆ ಹತ್ತು ಸೆಕೆಂಡ್ ಆಗಿರುತ್ತದೆ, ಅದು ಉಳಿದ ಮೂರು ತಂತಿ ದಾಟಲು ಇನ್ನು ಸೆಕೆಂಡಿನ ನೂರರಲ್ಲಿ ಮೂರು ಭಾಗ ಅಷ್ಟೆ. ನಲವತ್ತರ ಜಾಗದಲ್ಲಿ ಹತ್ತು ಸೆಕೆಂಡಿಗೆ ಕೆಲಸ ಮುಗಿಯಿತು. ತಂತಿ ಅದೇ, ವೇಗ ಅದೇ. ಅಷ್ಟೇ ಅಲ್ಲ, ನಿಮ್ಮ ಎರಡು ತುಂಡಿನ ನಡುವೆ ಪಕ್ಕದ ಮನೆಯವರ ತುಂಡೂ ತೂರಿ ಹೋಗಬಹುದು. ಎರಡು ಪದದ ತಾರು ಈಗ ಯಾರ ಹಿಂದೆಯೂ ಗಂಟೆಗಟ್ಟಲೆ ಕಾಯಬೇಕಿಲ್ಲ.

ಇದನ್ನು ಇಬ್ಬರು ಬೇರೆ ಬೇರೆ ಕಡೆ ಕೂತು ಯೋಚಿಸಿದರು. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿದ್ದ ಪಾಲ್ ಬ್ಯಾರನ್‌ಗೆ ಯುದ್ಧದ ಚಿಂತೆ. ಬಾಂಬು ಬಿದ್ದು ನಡುವಿನ ದೊಡ್ಡ ಎಕ್ಸ್‌ಚೇಂಜೇ ಹೋದರೆ ದೇಶವೇ ಮೂಕವಾಗುತ್ತದಲ್ಲ ಎಂದು. ನಡುವೆ ದೊಡ್ಡದೊಂದು ಕೇಂದ್ರ ಬೇಡ, ಮೀನಿನ ಬಲೆಯ ಹಾಗೆ ಗಂಟು ಗಂಟಿಗೂ ಅಕ್ಕಪಕ್ಕದ ಮೂರ್ನಾಲ್ಕು ಗಂಟುಗಳ ಜೊತೆ ಎಳೆ ಇರಲಿ, ಸಂದೇಶವನ್ನು ತುಂಡು ಮಾಡಿ ಬಿಡೋಣ, ಪ್ರತಿ ಗಂಟೂ ಆ ಹೊತ್ತಿಗೆ ಸರಿ ಇರುವ ದಾರಿಯಲ್ಲಿ ಮುಂದಕ್ಕೆ ತಳ್ಳಲಿ ಎಂದ. 1964ರಲ್ಲಿ ಅವನ ವರದಿಗಳು ಪ್ರಕಟವಾದವು. ಅಲ್ಲಿಯ ಟೆಲಿಫೋನ್ ಇಂಜಿನಿಯರುಗಳು ಇದು ಆಗದ ಮಾತು ಎಂದರು. ಪಾಳಿಯ ಪದ್ಧತಿಯಲ್ಲೇ ಬೆಳೆದವರಿಗೆ ಹಾಗೆ ಅನ್ನಿಸುವುದು ಸಹಜ, ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆನೇನೋ. ಇಂಗ್ಲೆಂಡಿನ ಡೊನಾಲ್ಡ್ ಡೇವೀಸ್‌ಗೆ ಯುದ್ಧದ ಚಿಂತೆ ಇರಲಿಲ್ಲ. ಒಂದು ಕಂಪ್ಯೂಟರನ್ನು ಬಹಳ ಜನ ದೂರದಿಂದ ಹಂಚಿಕೊಂಡು ಬಳಸುವುದು ಹೇಗೆ ಎಂಬುದು ಅವನ ಪ್ರಶ್ನೆ. ಕಂಪ್ಯೂಟರಿನ ಮಾತು ಮನುಷ್ಯರದಕ್ಕಿಂತ ವಿಚಿತ್ರ. ಒಮ್ಮೆ ಹೊಯ್ಯೆಂದು ಸುರಿಯುತ್ತದೆ, ಆಮೇಲೆ ಬಹಳ ಹೊತ್ತು ಮೌನ. ಅದಕ್ಕೆ ಪಾಳಿ ಕೊಟ್ಟರೆ ನೀರೆಲ್ಲ ಹಳ್ಳಕ್ಕೇ. ಆ ತುಂಡುಗಳಿಗೆ ಪ್ಯಾಕೆಟ್ ಎಂದು ಹೆಸರಿಟ್ಟವನು ಡೇವೀಸ್. ಬೇರೆ ಭಾಷೆಗಳಿಗೂ ಸುಲಭವಾಗಿ ಹೋಗುವ ಪದ ಬೇಕೆಂದು ಭಾಷಾತಜ್ಞರನ್ನು ಕೇಳಿ ಆರಿಸಿದ್ದನಂತೆ. ಆರಿಸಿದ್ದು ಸರಿಯಾಯಿತು, ನಮ್ಮ ಕಿರಾಣಿ ಅಂಗಡಿಯಲ್ಲೂ ಅದು ಪ್ಯಾಕೆಟ್ಟೇ!

1969ರ ಅಕ್ಟೋಬರ್ 29ರಂದು ಕ್ಯಾಲಿಫೋರ್ನಿಯಾದ ಎರಡು ಊರುಗಳ ಕಂಪ್ಯೂಟರ್‌ಗಳ ನಡುವೆ ಹೀಗೆ ಮೊದಲ ಸಂದೇಶ ಹೊರಟಿತು. ಲಾಗಿನ್ ಎಂಬ ಪದ ಕಳಿಸಬೇಕಿತ್ತು, ಮೊದಲ ಎರಡು ಅಕ್ಷರ ಹೋಗುತ್ತಲೇ ಆ ಕಡೆಯ ಕಂಪ್ಯೂಟರ್ ಕೆಟ್ಟು ನಿಂತಿತು. ಇಂಟರ್ನೆಟ್ಟಿನ ಅಜ್ಜ ಹುಟ್ಟಿದ್ದು ಹಾಗೆ.

ಈಗ ನಿಮ್ಮ ಮೊಬೈಲಿಗೆ ಬನ್ನಿ. ನೀವು ಕಳಿಸುವ ಸುಮಾರು ಹತ್ತು ಲಕ್ಷ ಬೈಟಿನ ಒಂದು ಫೋಟೊ ಹೆಚ್ಚುಕಡಿಮೆ 700 ಪ್ಯಾಕೆಟ್ ಆಗುತ್ತದೆ. ಸಾಮಾನ್ಯವಾಗಿ ಒಂದು ಪ್ಯಾಕೆಟ್ 1,500 ಬೈಟಿಗಿಂತ ದೊಡ್ಡದಿರುವುದಿಲ್ಲ. ಪ್ರತಿಯೊಂದರ ತಲೆಯ ಮೇಲೂ ಹೋಗಬೇಕಾದ ವಿಳಾಸ, ಕಳಿಸಿದವರ ವಿಳಾಸ, ಎಷ್ಟನೆಯ ತುಂಡು ಎಂಬ ಲೆಕ್ಕ ಬರೆದಿರುತ್ತದೆ. ದಾರಿಯಲ್ಲಿ ಎಕ್ಸ್‌ಚೇಂಜಿನ ಜಾಗದಲ್ಲಿ ಈಗ ರೂಟರ್ ಇದೆ. ಅದು ವಿಳಾಸ ನೋಡಿ, ಮುಂದೆ ಯಾವ ಕಡೆ ಎಂದು ತನ್ನ ಪಟ್ಟಿಯಲ್ಲಿ ನೋಡಿ, ಆ ಕಡೆ ತಳ್ಳಿ, ಅದನ್ನು ಮರೆತುಬಿಡುತ್ತದೆ. ಯಾರ ಫೋಟೊ, ಯಾವ ಊರು, ಪೂರ್ತಿ ತಲುಪಿತೋ ಇಲ್ಲವೋ, ಅದಕ್ಕೆ ಬೇಕಿಲ್ಲ. ದಾರಿ ತಪ್ಪಿದ ಪ್ಯಾಕೆಟ್ ಸುತ್ತುತ್ತಲೇ ಇರಬಾರದೆಂದು ಅದರ ತಲೆಯ ಮೇಲೆ ಒಂದು ಅಂಕಿಯೂ ಇರುತ್ತದೆ. ಪ್ರತಿ ರೂಟರೂ ಅದರಲ್ಲಿ ಒಂದು ಕಳೆಯುತ್ತದೆ, ಸೊನ್ನೆಯಾದರೆ ಎಸೆದುಬಿಡುತ್ತದೆ.

ರೂಟರಿನ ಬಾಗಿಲಲ್ಲಿ ಸಾಲು ನಿಲ್ಲುವುದನ್ನು ತಿಳಿಯಲು ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಹೋಗಿ ನಿಂತರೆ ಸಾಕು. ಕಬ್ಬಿನ ಟ್ರ್ಯಾಕ್ಟರುಗಳು ಬಂದ ಹಾಗೆ ಅಂಗಳದಲ್ಲಿ ನಿಲ್ಲುತ್ತವೆ. ಅಂಗಳ ತುಂಬಿದರೆ ಹೊಸ ಗಾಡಿಗೆ ಜಾಗವಿಲ್ಲ. ಕಾರ್ಖಾನೆಯವರು ಗಾಡಿಯನ್ನು ವಾಪಸು ಕಳಿಸಬಹುದು, ರೂಟರು ಅಷ್ಟೂ ಮಾಡದೆ ಪ್ಯಾಕೆಟ್ಟನ್ನು ಚೆಲ್ಲಿಬಿಡುತ್ತದೆ. ಹಾಗಾದರೆ ಫೋಟೊ ಹರಿದು ಬರುವುದಿಲ್ಲವೇ? ಇಲ್ಲ. ತಲುಪಿದ ಕಡೆಯ ಫೋನು ಲೆಕ್ಕ ಇಡುತ್ತದೆ, ಬಂದಷ್ಟಕ್ಕೆ ಇಲ್ಲಿಗೆ ರಸೀದಿ ಕಳಿಸುತ್ತ ಹೋಗುತ್ತದೆ. 412ನೆಯ ತುಂಡಿಗೆ ರಸೀದಿ ಬರಲಿಲ್ಲ ಎಂದರೆ ಕಳಿಸಿದ ಫೋನು ಮತ್ತೊಮ್ಮೆ ಕಳಿಸುತ್ತದೆ. ಜವಾಬ್ದಾರಿಯೆಲ್ಲ ಎರಡು ತುದಿಯಲ್ಲಿ, ನಡುವಿನವರು ಮಾತು ಕೊಡುವುದಿಲ್ಲ, ಪ್ರಯತ್ನ ಮಾಡುತ್ತಾರೆ ಅಷ್ಟೆ. ನಡುವೆ ಮಾತು ಕೊಡುವುದೇ ನಮ್ಮ ನೌಕರಿಯಾಗಿದ್ದರಿಂದ, ಇದನ್ನು ಮೊದಲು ಕಲಿತಾಗ ನನಗೆ ಇದೆಂಥ ಬೇಜವಾಬ್ದಾರಿ ವ್ಯವಸ್ಥೆ ಅನ್ನಿಸಿತ್ತು. ಆದರೆ ನಡುವಿನ ಯಂತ್ರ ಹೀಗೆ ಹಗುರವಾಗಿ ಇದ್ದುದರಿಂದಲೇ ಅದು ಲೋಕಕ್ಕೆಲ್ಲ ಹಬ್ಬಿತು.

ಫೋಟೊಗೆ ಇದು ಸರಿ, ಮಾತಿಗೆ? ಕಬ್ಬು ಬಿಸಿಲಲ್ಲಿ ನಿಂತರೆ ಒಣಗುತ್ತದೆ. ಮಾತು ಅದಕ್ಕಿಂತ ಬೇಗ ಒಣಗುತ್ತದೆ. ನಿಮ್ಮ ಬಾಯಿಂದ ಹೊರಟ ಮಾತು ಸೆಕೆಂಡಿನ ಏಳನೆಯ ಒಂದು ಭಾಗದೊಳಗೆ ಆ ಕಿವಿಗೆ ಬಿದ್ದರೆ ಮಾತುಕತೆ ಸರಾಗ. ತಡವಾಗುತ್ತ ಹೋದರೆ ಇಬ್ಬರೂ ಒಟ್ಟಿಗೆ ಶುರುಮಾಡುತ್ತಾರೆ, ಇಬ್ಬರೂ ಒಟ್ಟಿಗೆ ನಿಲ್ಲುತ್ತಾರೆ. ಕಳೆದುಹೋದ ತುಂಡನ್ನು ಮತ್ತೆ ಕಳಿಸುವಷ್ಟು ಹೊತ್ತಿಲ್ಲ, ಆದ್ದರಿಂದ ಅದನ್ನು ಬಿಟ್ಟೇ ಮುಂದೆ ಹೋಗುತ್ತದೆ. ಸಂಜೆ ಹೊತ್ತು ದೂರದ ಊರಿನಲ್ಲಿರುವ ಮಗನಿಗೆ ವಾಟ್ಸ್ಆ್ಯಪ್‌ನಲ್ಲಿ ಬರೆದದ್ದು ತಡವಾದರೂ ಒಂದಕ್ಷರ ಬಿಡದೆ ಮುಟ್ಟುತ್ತದೆ, ಅದೇ ಹೊತ್ತಿಗೆ ಮಾಡಿದ ಕರೆ ಮಾತ್ರ ತುಂಡು ತುಂಡು. ಫೋನು ಕೆಟ್ಟಿಲ್ಲ. ಆ ಹೊತ್ತಿಗೆ ಊರೆಲ್ಲ ವಿಡಿಯೊ ನೋಡುತ್ತಿದೆ, ಅಂಗಳ ತುಂಬಿದೆ. ಪಾಳಿಯ ಪದ್ಧತಿಯಾಗಿದ್ದರೆ ಕೆಲವರಿಗೆ ಪೂರ್ತಿ ಸಿಕ್ಕು ಉಳಿದವರಿಗೆ ಸಿಗುತ್ತಲೇ ಇರಲಿಲ್ಲ. ಇಲ್ಲಿ ಎಲ್ಲರಿಗೂ ಸಿಗುತ್ತದೆ, ಎಲ್ಲರದೂ ಸಣ್ಣದಾಗುತ್ತದೆ. ಹಳೆಯ 2ಜಿ ಮೊಬೈಲಿನಲ್ಲಿ ಕರೆಗೆ ಇನ್ನೂ ಸರ್ಕ್ಯೂಟ್ ಇತ್ತು. 4ಜಿ ಬಂದ ಮೇಲೆ ಆ ಜಾಲದೊಳಗೆ ಸರ್ಕ್ಯೂಟ್ ಎಂಬುದೇ ಇಲ್ಲ, ಮಾತೂ ಪ್ಯಾಕೆಟ್ಟೇ. ಆದರೆ ಕಂಪನಿಯ ಕರೆಗೆ ಸಾಲಿನಲ್ಲಿ ಮುಂದೆ ಜಾಗ ಕೊಡುತ್ತಾರೆ, ಆಂಬುಲೆನ್ಸಿಗೆ ದಾರಿ ಬಿಟ್ಟ ಹಾಗೆ. ವಾಟ್ಸ್ಆ್ಯಪ್ ಕರೆಗಿಂತ ಮಾಮೂಲಿ ಕರೆ ಸಾಮಾನ್ಯವಾಗಿ ಸ್ಪಷ್ಟವಾಗಿರಲು ಇದೂ ಒಂದು ಕಾರಣ.

ಇನ್ನು ಹೋದ ಮಳೆಗಾಲದ ಸಂಗತಿ. ರಸ್ತೆ ಅಗಲ ಮಾಡುವ ಜೆಸಿಬಿ ತಾಲೂಕಿನಿಂದ ಬರುವ ಫೈಬರ್ ಕೇಬಲನ್ನು ಹಳ್ಳದ ಹತ್ತಿರ ಕಿತ್ತುಹಾಕಿತು. ನಮ್ಮೂರ ಟವರಿಗೂ ಅದೇ ಕೇಬಲು, ಪಂಚಾಯತಿಗೂ ಅದೇ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ತೆಗೆದುಕೊಳ್ಳಲಿಲ್ಲ, ತಾಯಂದಿರು ಎರಡು ದಿನ ಚೀಲ ಹಿಡಿದು ವಾಪಸು ಹೋದರು. ವೃದ್ಧಾಪ್ಯ ವೇತನದ ಹಣ ತೆಗೆಯಲಾಗಲಿಲ್ಲ. ಒಬ್ಬ ಗರ್ಭಿಣಿಗೆ ನೋವು ಬಂದು ಆಂಬುಲೆನ್ಸಿಗೆ ಫೋನು ಹತ್ತದೆ ಅವರ ಮಾವ ಸೈಕಲ್ಲಿನಲ್ಲಿ ಗುಡ್ಡದ ಮೇಲೆ ಹೋಗಿ ಸಿಗ್ನಲ್ ಹುಡುಕಿದರು. ತಾಯಿ, ಮಗು ಚೆನ್ನಾಗಿದ್ದಾರೆ, ಇವತ್ತು ಈ ಸಭೆಯಲ್ಲೂ ಇದ್ದಾರೆ. ಆಗ ಹತ್ತನೆಯ ತರಗತಿಯ ಒಬ್ಬ ಹುಡುಗಿ ನನ್ನನ್ನು ಕೇಳಿದಳು, "ಅಜ್ಜಾರ, ಇಂಟರ್ನೆಟ್ ಒಂದು ದಾರಿ ಮುಚ್ಚಿದ್ರ ಇನ್ನೊಂದು ದಾರಿ ಹುಡುಕತೈತಿ ಅಂತ ಪುಸ್ತಕದಾಗ ಐತಿ. ಮತ್ತ ನಮ್ಮೂರಿಗೆ ಯಾಕ ಹುಡುಕಲಿಲ್ಲ?"

ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನ್ನ ನೌಕರಿಯಲ್ಲಿ ಹೆಚ್ಚು ಸಲ ಕೇಳಿಲ್ಲ. ಉತ್ತರ ಇಷ್ಟೆ, ಮಗಳೇ. ರೂಟರು ದಾರಿ ಆರಿಸುತ್ತದೆ, ದಾರಿ ಕಡಿಯುವುದಿಲ್ಲ. ಬ್ಯಾರನ್ ಹೇಳಿದ ಬಲೆಯಲ್ಲಿ ಪ್ರತಿ ಗಂಟಿಗೂ ಮೂರ್ನಾಲ್ಕು ಎಳೆ ಇದ್ದವು. ಬೆಂಗಳೂರು, ಮುಂಬಯಿಗಳ ನಡುವೆ ಅಂಥ ಬಲೆ ಇದೆ, ಅಲ್ಲಿ ಒಂದು ಕೇಬಲ್ ಹರಿದರೆ ನಮಗೆ ಗೊತ್ತೂ ಆಗುವುದಿಲ್ಲ. ನಮ್ಮೂರು ಬಲೆಯ ಗಂಟಲ್ಲ, ಬಲೆಯಿಂದ ಜೋತುಬಿದ್ದ ದಾರದ ತುದಿ. ದಾರ ಹರಿದರೆ ಯಾವ ಪದ್ಧತಿ ಇದ್ದರೇನು, ಬ್ಯಾರನ್‌ನ ಜಾಣತನವೆಲ್ಲ ಹಳ್ಳದ ಆಚೆಗೇ ಉಳಿಯಿತು.

ಇನ್ನೂ ಒಂದು ಮಾತು. ಹಳೆಯ ಎಕ್ಸ್‌ಚೇಂಜು ಹೊರಗಿನ ಕೇಬಲ್ ಹರಿದರೂ ಊರೊಳಗಿನ ಕರೆಗಳನ್ನು ಜೋಡಿಸುತ್ತಿತ್ತು, ಆ ತೀರ್ಮಾನ ಇಲ್ಲೇ ಆಗುತ್ತಿತ್ತು. 48 ವೋಲ್ಟಿನ ಬ್ಯಾಟರಿ ಸಾಲು ಇತ್ತು, ಮನೆಯ ಫೋನಿಗೂ ಅಲ್ಲಿಂದಲೇ ವಿದ್ಯುತ್ತು. ಕರೆಂಟ್ ಹೋದರೂ ಫೋನು ಬದುಕಿರುತ್ತಿತ್ತು. ಈಗ ಪಕ್ಕದ ಓಣಿಗೆ ಮಾಡಿದ ಕರೆಯೂ ದೂರದ ಊರಿನ ಯಂತ್ರವನ್ನು ಮುಟ್ಟಿ ಬರಬೇಕು. ಆ ಕಾಲ ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ, ಎಂಟು ಲೈನಿಗೆ ಊರೆಲ್ಲ ಜಗಳಾಡಿದ್ದು ನೆನಪಿದೆ. ಹೊಸ ಪದ್ಧತಿಗೆ ಬೇಕಾದ ಎರಡನೆಯ ಎಳೆಯನ್ನು ಮಾತ್ರ ಕೇಳುತ್ತಿದ್ದೇನೆ.

ಅದು ಕೇಳಬಾರದ್ದೇನಲ್ಲ. ಪಂಚಾಯತಿಗಳಿಗೆ ಫೈಬರ್ ಕೊಡುವ ಭಾರತ್‌ನೆಟ್ ಯೋಜನೆಯ ಮೊದಲ ಹಂತದಲ್ಲಿ ಕೇಬಲ್ ಮರದ ಕೊಂಬೆಯ ಹಾಗೆ ಹೋಗಿತ್ತು, ಒಂದು ಕೊಂಬೆಗೆ ಒಂದೇ ಬುಡ. 2023ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ತಿದ್ದುಪಡಿ ಯೋಜನೆಯಲ್ಲಿ ಪಂಚಾಯತಿಗಳನ್ನು ರಿಂಗ್ ಆಗಿ, ಅಂದರೆ ಬಳೆಯ ಹಾಗೆ ಜೋಡಿಸಬೇಕು ಎಂದಿದೆ. ಬಳೆ ಒಂದು ಕಡೆ ಮುರಿದರೆ ಇನ್ನೊಂದು ಸುತ್ತಿನಿಂದ ಪ್ಯಾಕೆಟ್ ಬರುತ್ತದೆ. ಆದರೆ ಕಾಗದದ ಮೇಲಿನ ಬಳೆಯನ್ನು ನಂಬಬೇಡಿ, ಗುಂಡಿ ತೋಡುವಾಗ ಹೋಗಿ ನೋಡಿ. ಹೋಗುವ ಎಳೆ, ಬರುವ ಎಳೆ ಎರಡನ್ನೂ ಖರ್ಚು ಉಳಿಸಲು ಒಂದೇ ಗುಂಡಿಯಲ್ಲಿ ಹೂತರೆ ಜೆಸಿಬಿಯ ಒಂದೇ ಹಲ್ಲಿಗೆ ಎರಡೂ ಸಿಗುತ್ತವೆ. ಪಂಚಾಯತಿಯ ಪೆಟ್ಟಿಗೆಗೆ ಬ್ಯಾಟರಿ ಇದೆಯೇ, ಅದು ಎಷ್ಟು ಹೊತ್ತು ತಡೆಯುತ್ತದೆ ಎಂದೂ ಕೇಳಿ.

ನಮ್ಮೂರಿಗೆ ಎರಡನೆಯ ಎಳೆ ಎಲ್ಲಿಂದ? ಹಳ್ಳದ ಆಚೆಯ ಊರು ಬೇರೆ ತಾಲೂಕಿಗೆ ಸೇರಿದ್ದು. ಅಲ್ಲಿಗೆ ಕೇಬಲ್ ಬಂದಿರುವುದು ಬೇರೆಯೇ ದಿಕ್ಕಿನಿಂದ. ಇಲ್ಲಿಂದ ಅಲ್ಲಿಗೆ ಗಾಡಿದಾರಿಯಲ್ಲಿ ನಾಲ್ಕೇ ಕಿಲೋಮೀಟರ್. ತಾಲೂಕಿನ ಗಡಿ ಅಡ್ಡ ಬಂದಿರುವುದರಿಂದ ಯಾರ ನಕ್ಷೆಯಲ್ಲೂ ಆ ನಾಲ್ಕು ಕಿಲೋಮೀಟರ್ ಇಲ್ಲ. ನಾನು ಎರಡು ದಿನ ಆ ದಾರಿ ನಡೆದು, ಎಲ್ಲಿ ಸೇತುವೆ, ಎಲ್ಲಿ ಬಂಡೆ, ಯಾರ ಹೊಲದ ಬದು ಎಂದೆಲ್ಲ ಗುರುತು ಹಾಕಿ ನಕ್ಷೆ ಮಾಡಿದ್ದೇನೆ. ಎರಡೂ ಪಂಚಾಯತಿಗಳಿಂದ ಠರಾವು ಆಗಬೇಕು, ಜಿಲ್ಲೆಗೆ ಅರ್ಜಿ ಹೋಗಬೇಕು. ಅರ್ಜಿ ಬರೆದಿದ್ದೇನೆ, ನಕ್ಷೆಯ ಜೊತೆ ಮುಖ್ಯ ಗುರುಗಳ ಕೋಣೆಯ ಮೇಜಿನ ಮೇಲಿದೆ. ಆ ಊರಿನಿಂದ ಇಲ್ಲಿಗೆ ಓದಲು ಬಂದ ಹಳೆಯ ವಿದ್ಯಾರ್ಥಿಗಳೂ ಇವತ್ತು ಬಹಳ ಜನ ಬಂದಿದ್ದೀರಿ, ನಿಮ್ಮ ಸಹಿ ಮೊದಲು ಬೇಕು. ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆ ಎಂದು ಅಡುಗೆಯವರು ಹೇಳಿದ್ದಾರೆ. ಪೆನ್ನೂ ಅಲ್ಲೇ ಇಟ್ಟಿದ್ದೇನೆ.